ಓಡುವ ಹುಡುಗಿಗೆ ಎಂಥ ಬೂಟು?

ಮಿರಗಿನ ಮಳೆ ಮತ್ತು ಶಾಲೆಯ ಗಂಟೆ ನಿಪ್ಪಾಣಿ ಸೀಮೆಯಲ್ಲಿ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಶುರುವಾಗುತ್ತವೆ. ಪಠ್ಯಪುಸ್ತಕ, ಛತ್ರಿ, ಪಾಟಿಚೀಲಗಳ ಜೊತೆಗೆ ಪಾಲಕರ ಪಟ್ಟಿಯಲ್ಲಿ ಬೂಟೂ ಸೇರುತ್ತದೆ. ಅಂಗಡಿಯಲ್ಲಿ ‘ಯಾವ ನಂಬರು?’ ಎಂಬ ಪ್ರಶ್ನೆಗಿಂತ ಮೊದಲು ಬರುವುದು ‘ಹುಡುಗನಿಗೋ, ಹುಡುಗಿಗೋ?’ ಎಂಬ ಪ್ರಶ್ನೆ. ಉತ್ತರ ಕೊಟ್ಟ ಕೂಡಲೇ ಅರ್ಧ ಆಯ್ಕೆ ಮುಗಿದಂತೆಯೇ. ಹುಡುಗನಾದರೆ ಮುಂಭಾಗ ಗಟ್ಟಿಯಾದ, ಅಟ್ಟೆ ದಪ್ಪಗಿರುವ, ಪಾದವನ್ನು ಪೂರ್ತಿ ಮುಚ್ಚುವ ಲೇಸಿನ ಬೂಟು ಹೊರಬರುತ್ತದೆ. ಹುಡುಗಿಯಾದರೆ ಮೇಲ್ಭಾಗ ತೆರೆದ, ಅಟ್ಟೆ ತೆಳುವಾದ, ಒಂದೇ ಪಟ್ಟಿಯ ಆಧಾರದ ಮೇಲೆ ನಿಲ್ಲುವ ಬೂಟು. ಹೂವೋ ಚಿಟ್ಟೆಯೋ ಅಂಟಿಸಿದ್ದರೆ ಅದು ಹೆಚ್ಚುವರಿ.

ಎಲ್ಲ ಬಾಲಕಿಯರ ಬೂಟುಗಳೂ ಹೀಗೆಯೇ ಇರುತ್ತವೆ ಎಂದಲ್ಲ. ಆದರೆ ಖೊಖೊ ಆಡುವಾಗ ಗಕ್ಕನೆ ತಿರುಗುವ, ಸೈಕಲ್ಲನ್ನು ಕಾಲಿನಿಂದಲೇ ನಿಲ್ಲಿಸುವ, ಕಬ್ಬಿನ ಗದ್ದೆಯ ಅಂಚಿನಲ್ಲಿ ಓಡಿ ಬಸ್ಸು ಹಿಡಿಯುವ ಹುಡುಗಿಗೆ ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲುವುದಕ್ಕಷ್ಟೇ ತಕ್ಕ ಬೂಟು ಕೊಡಿಸಿದರೆ ಅದು ದಸರಾ ರಜೆಯವರೆಗೂ ಬಾಳುವುದಿಲ್ಲ. ಆಗ ಮನೆಯಲ್ಲಿ ಬೈಗುಳ ಬೀಳುವುದು ಬೂಟಿಗಲ್ಲ, ಹುಡುಗಿಗೆ.

ಈ ಚರ್ಚೆ ನಿಪ್ಪಾಣಿಯಂಥ ಊರಿನಲ್ಲಿ ನಡೆಯುವುದೇ ಒಂದು ವಿಚಿತ್ರ. ಕೊಲ್ಹಾಪುರಿ ಎಂದು ಜಗತ್ತಿಗೆ ಗೊತ್ತಿರುವ ಚಪ್ಪಲಿಯ ದೊಡ್ಡ ಪಾಲು ತಯಾರಾಗುವುದು ಕರ್ನಾಟಕದ ಈ ಗಡಿಸೀಮೆಯಲ್ಲಿ. ಅಥಣಿ, ಮದಭಾವಿ, ನಿಪ್ಪಾಣಿಗಳ ಸಮಗಾರ ಮನೆತನಗಳು ತಲೆಮಾರುಗಳಿಂದ ಈ ಕಸುಬು ಮಾಡಿಕೊಂಡು ಬಂದಿವೆ. ಜಾಲಿಯ ತೊಗಟೆ ಮತ್ತು ಅಳಲೆಕಾಯಿಯಲ್ಲಿ ಹದಗೊಂಡ ತೊಗಲು, ಎಮ್ಮೆಯ ಚರ್ಮದ ಅಟ್ಟೆ, ಚರ್ಮದ್ದೇ ದಾರ, ಮೊಳೆಯ ಹಂಗಿಲ್ಲ. ಮೇಲಿನ ಪಟ್ಟಿಯ ಹೆಣಿಗೆ, ನಯಗೆಲಸಗಳಲ್ಲಿ ಹೆಂಗಸರ ಕೈ ಹೆಚ್ಚು. 2019ರಲ್ಲಿ ಸುದ್ದಿಯಾದ ಭೌಗೋಳಿಕ ಸೂಚಿ ಮಾನ್ಯತೆಯು ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಸಂದಿದೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಇದೇ ಮಾದರಿಯನ್ನು ಮಿಲಾನ್ ನಗರದ ಪ್ರದರ್ಶನದಲ್ಲಿ ಮೂಲದ ಹೆಸರು ಹೇಳದೆ ತೋರಿಸಿದಾಗ ಗದ್ದಲವೆದ್ದದ್ದು ಓದುಗರಿಗೆ ನೆನಪಿರಬಹುದು.

ಹಾಗೆಂದು ಮಗಳನ್ನು ಕೊಲ್ಹಾಪುರಿ ಹಾಕಿಸಿ ಶಾಲೆಗೆ ಕಳಿಸಲಾಗದು. ತೊಗಟೆಯಲ್ಲಿ ಹದಮಾಡಿದ ತೊಗಲು ನೀರು ಕುಡಿಯುತ್ತದೆ; ಮಳೆಗಾಲದಲ್ಲಿ ಉಬ್ಬಿ, ಒಣಗಿದ ಮೇಲೆ ಸೆಟೆದುಕೊಳ್ಳುತ್ತದೆ. ನುಣುಪಾದ ಅಟ್ಟೆ ಒದ್ದೆ ಫರಸಿಯ ಮೇಲೆ ಜಾರುತ್ತದೆ. ಹಿಮ್ಮಡಿಗೆ ಹಿಡಿತವಿಲ್ಲದ್ದರಿಂದ ಓಡುವಾಗ ಕಾಲ್ಬೆರಳುಗಳೇ ಚಪ್ಪಲಿಯನ್ನು ಬಿಗಿಹಿಡಿಯಬೇಕು. ಆದರೆ ಅದರಿಂದ ಕಲಿಯಬೇಕಾದ ಪಾಠ ಎರಡಿವೆ: ಬಳಸುತ್ತ ಹೋದಂತೆ ಅದು ಧರಿಸಿದವರ ಪಾದದ ಆಕಾರಕ್ಕೆ ಬರುತ್ತದೆ, ಕಿತ್ತರೆ ಮತ್ತೆ ಹೊಲಿಯಬಹುದು.

ಪಾದರಕ್ಷೆ ಎಂಬುದು ಈ ನಾಡಿನಲ್ಲಿ ಬರೀ ಅನುಕೂಲದ ಮಾತಾಗಿರಲಿಲ್ಲ. ಕಾಲ್ಮರಿ ಹೊಲಿದುಕೊಟ್ಟವರೇ ಮೇಲ್ಜಾತಿಯವರ ಓಣಿಯಲ್ಲಿ ಅದನ್ನು ಕೈಯಲ್ಲಿ ಹಿಡಿದು ನಡೆಯಬೇಕಿದ್ದ ಹಳ್ಳಿಗಳು ಎಷ್ಟೋ. ಹನ್ನೆರಡನೆಯ ಶತಮಾನದ ಸಮಗಾರ ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಪಾದರಕ್ಷೆ ಮಾಡಿಕೊಟ್ಟರೆಂಬ, ಬಸವಣ್ಣ ಅದನ್ನು ಮೆಟ್ಟಲೊಪ್ಪಲಿಲ್ಲವೆಂಬ ಕಥೆ ಇಲ್ಲಿ ಇಂದಿಗೂ ಜೀವಂತವಾಗಿರುವುದು ಸುಮ್ಮನಲ್ಲ. 1925ರಲ್ಲಿ ಡಾ. ಅಂಬೇಡ್ಕರ್ ಭಾಗವಹಿಸಿದ್ದ ಬಹಿಷ್ಕೃತರ ಪರಿಷತ್ತು ಸೇರಿದ್ದು ಇದೇ ನಿಪ್ಪಾಣಿಯಲ್ಲಿ.

ಬರಿಗಾಲಿನ ಬೆಲೆಯನ್ನು ದೇಹವೂ ತೆರುತ್ತದೆ. ಕೊಕ್ಕೆಹುಳುವಿನ ಮರಿ ಹೊಲಸು ಮಣ್ಣಿನಿಂದ ಅಂಗಾಲಿನ ಚರ್ಮ ಕೊರೆದು ಒಳಹೋಗಿ, ಕರುಳಿನಲ್ಲಿ ನೆಲೆನಿಂತು ರಕ್ತ ಹೀರುತ್ತದೆ. ಮೊದಲೇ ರಕ್ತಹೀನತೆಯ ಅಂಚಿನಲ್ಲಿರುವ ಹುಡುಗಿಯರಿಗೆ ಇದು ದೊಡ್ಡ ಪೆಟ್ಟು. ಸರ್ಕಾರಿ ಶಾಲೆಗಳ ಮಕ್ಕಳಿಗೆ ಒಂದು ಜೊತೆ ಕಪ್ಪು ಬೂಟು, ಎರಡು ಜೊತೆ ಬಿಳಿ ಕಾಲುಚೀಲ ಕೊಡುವ ಯೋಜನೆಯನ್ನು ಕರ್ನಾಟಕ ಸರ್ಕಾರ 2015-16ರಲ್ಲಿ ಆರಂಭಿಸಿದಾಗ ಇದೂ ಒಂದು ಲಾಭವೇ ಆಗಿತ್ತು. 2022ರಲ್ಲಿ ವಿತರಣೆ ತಡವಾಗಿ, ‘ಮಕ್ಕಳಿಗೆ ಬೂಟು ಬೇಕೇ’ ಎಂಬ ರಾಜಕೀಯ ಜಗಳವೆದ್ದು, ಕೊನೆಗೆ ಜುಲೈನಲ್ಲಿ 132 ಕೋಟಿ ರೂಪಾಯಿ ಮಂಜೂರಾಯಿತು. ಆಗ ಗೊತ್ತುಮಾಡಿದ ದರ 1ರಿಂದ 5ನೇ ತರಗತಿಗೆ 265, 6ರಿಂದ 8ಕ್ಕೆ 295, 9 ಮತ್ತು 10ಕ್ಕೆ 325 ರೂಪಾಯಿ. ಈ ದುಡ್ಡಿನಲ್ಲಿ ಚರ್ಮದ ಬೂಟು ಸಿಗದು. ಸಿಗುವುದರಲ್ಲೇ ಒಳ್ಳೆಯದನ್ನು ಆರಿಸುವ ಹೊಣೆ ಶಾಲಾಭಿವೃದ್ಧಿ ಸಮಿತಿಯದು, ಎಂದರೆ ಪಾಲಕರದೇ.

ಹಾಗಾದರೆ ಹುಡುಗಿಯರಿಗೆ ಪಟ್ಟಿಯ ಬೂಟೇ ಏಕೆ? ಅದು ಮೊದಲಿನಿಂದ ಹುಡುಗಿಯರದೇ ಆಗಿರಲಿಲ್ಲ ಎಂಬುದು ತಮಾಷೆಯ ಸಂಗತಿ. ಅಮೆರಿಕದ ರಿಚರ್ಡ್ ಔಟ್‌ಕಾಲ್ಟ್ 1902ರಲ್ಲಿ ಆರಂಭಿಸಿದ ‘ಬಸ್ಟರ್ ಬ್ರೌನ್’ ಎಂಬ ಪತ್ರಿಕಾ ಚಿತ್ರಕಥೆಯಲ್ಲಿ ತುಂಟ ಹುಡುಗ ಬಸ್ಟರ್‌ನೂ ಹುಡುಗಿ ಮೇರಿ ಜೇನಳೂ ಪಟ್ಟಿಯ ಬೂಟನ್ನೇ ಹಾಕುತ್ತಿದ್ದರು. 1904ರಲ್ಲಿ ಬ್ರೌನ್ ಎಂಬ ಬೂಟು ಕಂಪನಿ ಈ ಪಾತ್ರಗಳ ಹೆಸರು ಬಳಸುವ ಹಕ್ಕು ಪಡೆಯಿತು. ಮುಂದೆ ಹುಡುಗರು ಲೇಸಿನ ಕಡೆ ಸರಿದರು; ಪಟ್ಟಿ ಮೇರಿ ಜೇನಳ ಹೆಸರಿನಲ್ಲಿ ಹುಡುಗಿಯರ ಪಾಲಿಗೆ ಉಳಿಯಿತು. ನಮ್ಮಲ್ಲಿ ಶಾಲೆಯ ಬೂಟಿಗೆ ಬಾಟಾ ಕಂಪನಿ ಇಟ್ಟ ಹೆಸರು ‘ನಾಟಿ ಬಾಯ್’. ತುಂಟಾಟ ಹುಡುಗರ ಪಾಲಿನದೆಂದು ಹೆಸರಿಟ್ಟವರು ಎಣಿಸಿರಬೇಕು.

ಈ ಭೇದಕ್ಕೆ ಇಂಗ್ಲೆಂಡಿನಲ್ಲಿ ಒಮ್ಮೆ ಬಹಿರಂಗ ತಕರಾರು ಎದ್ದಿತು. 2017ರ ಆಗಸ್ಟ್‌ನಲ್ಲಿ ಕ್ಲಾರ್ಕ್ಸ್ ಕಂಪನಿಯ ಹುಡುಗರ ಶಾಲಾ ಬೂಟೊಂದರ ಹೆಸರು ‘ನಾಯಕ’ ಎಂಬರ್ಥದ ‘ಲೀಡರ್’, ಹುಡುಗಿಯರದರ ಹೆಸರು ‘ಡಾಲಿ ಬೇಬ್’ ಎಂದಿದ್ದುದು ಪಾಲಕರನ್ನು ಕೆರಳಿಸಿತು. ಹೆಸರಿಗಿಂತ ಹೆಚ್ಚಿನ ದೂರು, ಹುಡುಗಿಯರ ಬೂಟು ಆಟಕ್ಕೂ ಮಳೆಗೂ ತಡೆಯುವುದಿಲ್ಲ ಎಂಬುದಾಗಿತ್ತು. ಕಂಪನಿ ‘ಡಾಲಿ ಬೇಬ್’ ಅನ್ನು ಹಿಂತೆಗೆದುಕೊಂಡಿತು.

ಇನ್ನು ಕೊಳ್ಳುವ ವಿಚಾರ. ಅಳತೆಯೇ ಇಲ್ಲಿ ಮುಖ್ಯ. ನಮ್ಮ ಅಂಗಡಿಗಳಲ್ಲಿ ನಡೆಯುವ ಇಂಗ್ಲಿಷ್ ನಂಬರು ಜವೆಗೋಧಿಯ ಕಾಳಿನ ಲೆಕ್ಕದ್ದು. ಒಂದು ನಂಬರಿಗೂ ಮುಂದಿನದಕ್ಕೂ ಇಂಚಿನ ಮೂರನೆಯ ಒಂದು ಭಾಗ, ಅಂದರೆ ಸುಮಾರು ಎಂಟೂವರೆ ಮಿಲಿಮೀಟರ್ ಅಂತರ. ಮಕ್ಕಳ ನಂಬರು 13ಕ್ಕೆ ಮುಗಿದು ಮತ್ತೆ 1ರಿಂದ ಏಕೆ ಶುರುವಾಗುತ್ತದೆಂದು ತಲೆ ಕೆರೆದುಕೊಳ್ಳುವ ತಂದೆತಾಯಿ ಬಹಳ. ಅಲ್ಲಿಂದ ಮುಂದಿನದು ದೊಡ್ಡವರ ಲೆಕ್ಕ, ಅಷ್ಟೆ. ಈ ಅಳತೆ ನಮ್ಮ ಪಾದಕ್ಕೆ ಸರಿಹೊಂದುವುದಿಲ್ಲವೆಂಬ ಅನುಮಾನ ಹಳೆಯದು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಲಕ್ಷಕ್ಕೂ ಹೆಚ್ಚು ಭಾರತೀಯರ ಪಾದ ಅಳೆದು ‘ಭ’ ಎಂಬ ಹೊಸ ಅಳತೆ ಪದ್ಧತಿಯನ್ನು ಸೂಚಿಸಿದ ಸುದ್ದಿ 2024ರಲ್ಲಿ ಬಂತು. ನಮ್ಮವರ ಪಾದ ಯುರೋಪ್, ಅಮೆರಿಕದವರದಕ್ಕಿಂತ ಅಗಲ ಎಂಬುದು ಅದರಲ್ಲಿ ಕಂಡ ಒಂದು ಅಂಶ. ಇನ್ನೊಂದು, ಪಾದದ ಬೆಳವಣಿಗೆ ಹುಡುಗಿಯರಲ್ಲಿ 11ನೇ ವಯಸ್ಸಿನ ಹೊತ್ತಿಗೆ, ಹುಡುಗರಲ್ಲಿ 15-16ರ ಹೊತ್ತಿಗೆ ತುದಿ ಮುಟ್ಟುತ್ತದೆ ಎಂಬುದು. ಎಂದರೆ ಪ್ರಾಥಮಿಕ ಶಾಲೆಯ ಹುಡುಗಿಯ ಕಾಲು ಅಣ್ಣನ ಕಾಲಿಗಿಂತ ಅವಸರದಲ್ಲಿರುತ್ತದೆ. ಹೋದ ವರ್ಷದ ನಂಬರನ್ನು ಬಾಯಿಪಾಠ ಒಪ್ಪಿಸಿ ಬೂಟು ತರುವುದು ಅವಳ ವಿಷಯದಲ್ಲಿ ನಡೆಯದು.

ಪಾದವನ್ನು ಸಂಜೆ ಅಳೆಯಬೇಕು. ದಿನವಿಡೀ ಓಡಾಡಿದ ಕಾಲು ತುಸು ಊದಿಕೊಂಡಿರುತ್ತದೆ. ಎರಡೂ ಕಾಲು ಅಳೆದು ದೊಡ್ಡದಕ್ಕೆ ಹೊಂದುವುದನ್ನು ಕೊಳ್ಳಬೇಕು. ಶಾಲೆಯ ಕಾಲುಚೀಲ ಹಾಕಿಕೊಂಡು ಹುಡುಗಿ ಎದ್ದು ನಿಂತಾಗ ಅತಿ ಉದ್ದದ ಬೆರಳಿನ ಮುಂದೆ ಒಂದು ಸೆಂಟಿಮೀಟರ್‌ನಷ್ಟು ಜಾಗ ಉಳಿಯಬೇಕು. ‘ಮುಂದಿನ ವರ್ಷಕ್ಕೂ ಆಗಲಿ’ ಎಂದು ಎರಡು ನಂಬರು ದೊಡ್ಡದು ತಂದು ತುದಿಗೆ ಹತ್ತಿ ತುರುಕುವ ರೂಢಿ ನಮ್ಮಲ್ಲಿದೆ. ಬೀಡಿ ಕಟ್ಟುವ, ಕಬ್ಬು ಕಡಿಯುವ ಮನೆಗಳಲ್ಲಿ ಹಾಗೆ ಯೋಚಿಸುವುದು ಸಹಜವೇ. ಆದರೆ ಹಿಮ್ಮಡಿ ಮೇಲೆ ಕೆಳಗೆ ಉಜ್ಜಿ ಬೊಬ್ಬೆ ಬರುತ್ತದೆ, ಬೂಟು ತಪ್ಪಾದ ಜಾಗದಲ್ಲಿ ಮಡಚಿ ಬೇಗ ಸೀಳುತ್ತದೆ, ಉಳಿತಾಯವೆಂದುಕೊಂಡದ್ದು ಉಳಿಯುವುದಿಲ್ಲ.

ಬೂಟನ್ನು ಕೈಯಲ್ಲೇ ಪರೀಕ್ಷಿಸಬಹುದು. ತುದಿ ಮತ್ತು ಹಿಮ್ಮಡಿ ಹಿಡಿದು ಬಾಗಿಸಿದರೆ ಅದು ಬೆರಳುಗಳ ಬುಡ ಬರುವಲ್ಲಿ ಬಾಗಬೇಕು, ನಡುವೆ ಮಡಚಬಾರದು. ಬಟ್ಟೆ ಹಿಂಡುವಂತೆ ತಿರುಚಿದರೆ ಸುಲಭವಾಗಿ ತಿರುಚಿಕೊಳ್ಳಬಾರದು. ಹಿಮ್ಮಡಿಯ ಹಿಂಬದಿ ಹೆಬ್ಬೆರಳಿನಿಂದ ಒತ್ತಿದಾಗ ಕುಸಿಯಬಾರದು. ತೆಳು ಅಟ್ಟೆಯ ಪಟ್ಟಿ ಬೂಟುಗಳು ಸೋಲುವುದು ಹೆಚ್ಚಾಗಿ ಎರಡನೆಯ ಮತ್ತು ಮೂರನೆಯ ಪರೀಕ್ಷೆಯಲ್ಲಿ. ಲೇಸು ಎಲ್ಲಕ್ಕಿಂತ ಉತ್ತಮ, ಪಾದದ ಎತ್ತರಕ್ಕೆ ತಕ್ಕಂತೆ ಬಿಗಿಯಬಹುದು. ಕಟ್ಟಲು ಬಾರದ ಸಣ್ಣವಳಿಗೆ ಅಗಲ ವೆಲ್ಕ್ರೊ ಸಾಕು. ಪಟ್ಟಿಯೇ ಬೇಕೆಂದರೆ ಬಕ್ಕಲ್ ಇರಲಿ. ಪಟ್ಟಿ ಬೂಟಿಗೆ ಸೇರುವ ಬುಡದಲ್ಲಿ ಎರಡು ಸಾಲು ಹೊಲಿಗೆ ಇದೆಯೇ ನೋಡಬೇಕು. ಮೊದಲು ಕೀಳುವುದು ಅಲ್ಲೇ.

ಅಟ್ಟೆಯ ವಿಚಾರ ಸ್ವಲ್ಪ ತೊಡಕಿನದು. ಕಡಿಮೆ ಬೆಲೆಯ ಬೂಟುಗಳಲ್ಲಿ ಕರಗಿದ ಪಿ.ವಿ.ಸಿ.ಯನ್ನು ಅಚ್ಚಿನೊಳಗೆ ಹಾಯಿಸಿ ಮೇಲ್ಭಾಗಕ್ಕೆ ನೇರವಾಗಿ ಬೆಸೆದಿರುತ್ತಾರೆ. ಅದು ನೀರಿಗೆ ಹೆದರದು, ಆದರೆ ಭಾರ, ಮತ್ತು ಒದ್ದೆ ನೆಲದ ಮೇಲೆ ರಬ್ಬರಿನಷ್ಟು ಹಿಡಿತ ಕೊಡದು. ಪಾಲಿಯುರೆಥೇನ್ ಅಟ್ಟೆ ಹಗುರ. ಆದರೆ ಅದು ಗಾಳಿಯ ತೇವಕ್ಕೇ ನಿಧಾನವಾಗಿ ಒಡೆಯುವ ವಸ್ತು. ಕಪಾಟಿನಲ್ಲಿ ಜೋಪಾನವಾಗಿಟ್ಟ ಬೂಟು ವರ್ಷಗಳ ನಂತರ ತೆಗೆದಾಗ ಪುಡಿಪುಡಿಯಾಗುವುದು ಇದರಿಂದಲೇ. ಅಕ್ಕನ ಬೂಟನ್ನು ತಂಗಿಗೆಂದು ಎತ್ತಿಡುವವರು ಇದನ್ನು ಗಮನಿಸುವುದು ಒಳ್ಳೆಯದು. ರಬ್ಬರ್ ಅಟ್ಟೆ, ಆಳವಾದ ಗೆರೆ, ಸುತ್ತಲೂ ಕಾಣುವ ಹೊಲಿಗೆ, ಈ ಮೂರೂ ಸಿಕ್ಕರೆ ತುಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಬರೀ ಅಂಟಿನ ಬೂಟಾದರೆ ತಂದ ವಾರದಲ್ಲೇ ರಸ್ತೆಬದಿಯ ಸಮಗಾರರಿಂದ ಸುತ್ತ ಒಂದು ಹೊಲಿಗೆ ಹಾಕಿಸಿಕೊಳ್ಳುವುದುಂಟು.

ಮಳೆಯಲ್ಲಿ ತೊಯ್ದ ಬೂಟನ್ನು ಒಲೆಯ ಮುಂದೆ ಇಡಬಾರದು. ಅಂಟು ಬಿಡುತ್ತದೆ, ಮೇಲ್ಭಾಗ ಬಿರಿಯುತ್ತದೆ. ಒಳಗೆ ಹಳೆಯ ಪತ್ರಿಕೆ ತುಂಬಿ, ಗಾಳಿಯಾಡುವ ಕಡೆ ಒರಗಿಸಿ, ಮಲಗುವ ಮುಂಚೆ ಒಮ್ಮೆ ಕಾಗದ ಬದಲಿಸಿದರೆ ಬೆಳಗಿನ ಶಾಲೆಯ ಹೊತ್ತಿಗೆ ಬಹುಮಟ್ಟಿಗೆ ಒಣಗಿರುತ್ತದೆ.