ಮೂವತ್ತೆರಡು ಎಂಬಿಯ ತೂಬು

ನರಗುಂದದ ರೈತ ಮೊಬೈಲ್‌ನಲ್ಲಿ ತನ್ನ ಹೊಲದ ಪಹಣಿ ತೆರೆದರೆ ಪರದೆಯ ಮೇಲೆ ಕಾಣುವುದು ಒಂದೇ ಪುಟ. ಒಳಗೆ ಮಾತ್ರ ಹಲವು ಪ್ರೋಗ್ರಾಂಗಳು ದುಡಿಯುತ್ತಿರುತ್ತವೆ. ಒಂದು ಇಂಟರ್‌ನೆಟ್‌ನಿಂದ ಮಾಹಿತಿ ತರುತ್ತದೆ, ಇನ್ನೊಂದು ಪುಟ ಜೋಡಿಸುತ್ತದೆ, ಮತ್ತೊಂದು ಅದನ್ನು ಪರದೆಗೆ ಬಿಡಿಸುತ್ತದೆ. ಇವೆಲ್ಲದರ ಮೇಲೆ ಯಜಮಾನಿಕೆ ಕರ್ನಲ್‌ನದು; ಆಂಡ್ರಾಯ್ಡ್ ಫೋನಿನಲ್ಲಾದರೆ ಅದು ಲಿನಕ್ಸ್.

ಒಂದು ಪ್ರೋಗ್ರಾಂನ ಮೆಮೊರಿಗೆ ಇನ್ನೊಂದು ಇಣುಕದಂತೆ ಕರ್ನಲ್ ಕಾಯುತ್ತದೆ. ಹೀಗಾಗಿ ಮಾಹಿತಿ ಸಾಗಿಸುವ ಸಾಮಾನ್ಯ ದಾರಿಯಲ್ಲಿ ಅದನ್ನು ಒಬ್ಬರಿಂದ ಕರ್ನಲ್‌ಗೆ, ಕರ್ನಲ್‌ನಿಂದ ಇನ್ನೊಬ್ಬರಿಗೆ ಎರಡು ಸಲ ನಕಲು ಮಾಡಬೇಕು. ಶೇರ್ಡ್ ಮೆಮೊರಿಯಲ್ಲಿ ಈ ಓಡಾಟವಿಲ್ಲ. ರ್‍ಯಾಮ್‌ನ ಅದೇ ಭಾಗವನ್ನು ಕರ್ನಲ್ ಇಬ್ಬರಿಗೂ ತೋರಿಸುತ್ತದೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಲ್ಲೇ ಓದುತ್ತಾರೆ.

ಆದರೆ ರ್‍ಯಾಮ್ ಎಲ್ಲರದು. ನವಿಲುತೀರ್ಥ ಅಣೆಕಟ್ಟಿನಿಂದ ಹೊರಟ ಮಲಪ್ರಭಾ ನೀರು ಕಾಲುವೆಯ ಕೊನೆಯ ಹೊಲಕ್ಕೂ ಮುಟ್ಟಬೇಕಾದರೆ ಮೂರು ಲೆಕ್ಕ ಬೇಕು: ಒಂದು ತೂಬು ಎಷ್ಟು ದೊಡ್ಡದು, ತೂಬುಗಳು ಎಷ್ಟು, ಒಟ್ಟು ನೀರು ಎಷ್ಟು. ಕರ್ನಲ್‌ನಲ್ಲೂ ಮೂರೇ. ಶೇರ್ಡ್ ಮೆಮೊರಿಯ ಒಂದು ತುಂಡಿನ ಗರಿಷ್ಠ ಗಾತ್ರ ಶಮ್‌ಮ್ಯಾಕ್ಸ್, ತುಂಡುಗಳ ಸಂಖ್ಯೆ ಶಮ್‌ಎಂಎನ್‌ಐ, ಎಲ್ಲ ಸೇರಿದ ಮಿತಿ ಶಮ್‌ಆಲ್. ಲಿನಕ್ಸ್‌ನಲ್ಲಿ ತುಂಡುಗಳ ಸಂಖ್ಯೆಗೆ ಮೊದಲೇ ಬರೆದಿಟ್ಟ ಮಿತಿ 4096. ಒಂದು ತುಂಡಿಗೆ 2014ರವರೆಗೂ ಬರೇ 32 ಎಂಬಿ.

ಗಿಗಾಬೈಟ್‌ಗಟ್ಟಲೆ ರ್‍ಯಾಮ್ ಇರುವ ಸರ್ವರ್‌ಗೂ ಅದೇ 32. ಪೋಸ್ಟ್‌ಗ್ರೆಸ್ ಡೇಟಾಬೇಸ್ ಶುರುವಾಗುವಾಗಲೇ ಒಂದು ದೊಡ್ಡ ತುಂಡು ಕೇಳುತ್ತಿತ್ತು. ಮಿತಿ ಮೀರಿದರೆ ಶುರುವೇ ಆಗುತ್ತಿರಲಿಲ್ಲ. ಒರೇಕಲ್ ಹಾಕುವವರೂ ಮೊದಲು ಶಮ್‌ಮ್ಯಾಕ್ಸ್ ಏರಿಸಬೇಕಿತ್ತು. ಒಟ್ಟು ಮಿತಿ ದಾಟಿದಾಗ ಬರುವ ಸಂದೇಶ ಇನ್ನೂ ವಿಚಿತ್ರ: ‘ಸಾಧನದಲ್ಲಿ ಜಾಗ ಉಳಿದಿಲ್ಲ’. ಅದನ್ನು ಕಂಡವರು ಹಾರ್ಡ್ ಡಿಸ್ಕ್ ತಡಕಾಡಿದರೆ ಅಲ್ಲಿ ಬೇಕಾದಷ್ಟು ಖಾಲಿ.

ಪೋಸ್ಟ್‌ಗ್ರೆಸ್ 2013ರ 9.3 ಆವೃತ್ತಿಯಲ್ಲಿ ತನ್ನ ಮುಖ್ಯ ತುಂಡನ್ನು ಬೇರೆ ವಿಧಾನದಿಂದ ಪಡೆದು ಈ ತೊಡಕಿನಿಂದ ಪಾರಾಯಿತು. ಮರುವರ್ಷ ಲಿನಕ್ಸ್ 3.16 ಮಿತಿಯನ್ನೇ ಬಹುಪಾಲು ಎತ್ತಿಹಾಕಿತು. 64 ಬಿಟ್ ಯಂತ್ರದಲ್ಲಿ ಈಗಿನ ಶಮ್‌ಮ್ಯಾಕ್ಸ್ 18446744073692774399. ಇದು ಇರಬಹುದಾದ ಅತಿ ದೊಡ್ಡ ಸಂಖ್ಯೆಗಿಂತ ಕೊಂಚ ಕಡಿಮೆ. ಹಳೆಯ ಸ್ಕ್ರಿಪ್ಟ್ ಯಾವುದಾದರೂ ಇದ್ದ ಮಿತಿಗೆ ಇನ್ನಷ್ಟು ಕೂಡಿಸಲು ಹೋದರೆ ಲೆಕ್ಕ ಉಕ್ಕಿ ಸೊನ್ನೆಗೆ ಬೀಳಬಾರದೆಂದು ಆ ಅಂತರ ಬಿಟ್ಟಿದ್ದಾರೆ.

ಹಾಗಾದರೆ ಮಿತಿ ಇಟ್ಟದ್ದೇ ತಪ್ಪೇ? ಅಲ್ಲ. ಸಿಸ್ಟಂ ಫೈವ್ ಎಂಬ ಹಳೆಯ ಯೂನಿಕ್ಸ್‌ನ ಬಳುವಳಿಯಾದ ಈ ತುಂಡುಗಳಿಗೆ ಒಂದು ಕೆಟ್ಟ ಗುಣವಿದೆ: ಪಡೆದ ಪ್ರೋಗ್ರಾಂ ಸತ್ತರೂ ಇವು ಸಾಯುವುದಿಲ್ಲ. ಯಾರಾದರೂ ಅಳಿಸಬೇಕು, ಇಲ್ಲವೇ ಯಂತ್ರ ಮತ್ತೆ ಶುರುವಾಗಬೇಕು. ಫೋನಿನಲ್ಲಿ ಮೆಮೊರಿ ಸಾಲದಾದಾಗ ಆ್ಯಪ್‌ಗಳನ್ನು ಹೇಳದೆ ಕೇಳದೆ ಕೊಲ್ಲುವುದು ನಿತ್ಯದ ಕೆಲಸ. ಪ್ರತಿ ಸಲ ಒಂದೊಂದು ತುಂಡು ಅನಾಥವಾಗಿ ಉಳಿದರೆ ಮೆಮೊರಿ ಸೋರಿಹೋಗುತ್ತದೆ. ಅದಕ್ಕೇ ಆಂಡ್ರಾಯ್ಡ್ ಈ ಹಳೆಯ ವಿಧಾನವನ್ನು ಕೈಬಿಟ್ಟು ಆಶ್‌ಮೆಮ್ ಎಂಬ ತನ್ನದೇ ವ್ಯವಸ್ಥೆ ಕಟ್ಟಿಕೊಂಡಿತು. ಅದರಲ್ಲಿ ಕೊನೆಯ ಬಳಕೆದಾರ ಹೋದೊಡನೆ ತುಂಡೂ ಹೋಗುತ್ತದೆ.

ಸರ್ವರ್‌ಗಳಲ್ಲಿ ಮಿತಿ ಈಗ ಬೇರೆ ಬಾಗಿಲಿಂದ ಬಂದಿದೆ. ಪ್ರೋಗ್ರಾಂಗಳನ್ನು ಪ್ರತ್ಯೇಕ ಕಂಟೇನರ್‌ಗಳಲ್ಲಿಟ್ಟು ಓಡಿಸುವ ಡಾಕರ್ ತನ್ನ ಪ್ರತಿ ಕಂಟೇನರ್‌ಗೆ ಕೊಡುವ ಶೇರ್ಡ್ ಮೆಮೊರಿ, ಬೇರೆ ಹೇಳದಿದ್ದರೆ, 64 ಎಂಬಿ. ಅದರೊಳಗೆ ಕ್ರೋಮ್ ಓಡಿಸಿ ಭಾರಿ ಪುಟ ತೆರೆದರೆ ಕುಸಿದು ಬೀಳಬಹುದು; ಶುರು ಮಾಡುವಾಗಲೇ ಹೆಚ್ಚಿನ ಗಾತ್ರ ಕೇಳಿದರೆ ಸಲೀಸಾಗಿ ಓಡುತ್ತದೆ.