ಚಿತ್ರದ ವಿಮಾನಕ್ಕೆ ಸದ್ದು ಎಲ್ಲಿ ಬರೆಯಬೇಕು?



ಪಾಠಪುಸ್ತಕದೊಳಗೆ ಚಿತ್ರಕಥೆ ಇಟ್ಟುಕೊಂಡು ಓದಿ ಬೈಸಿಕೊಂಡವರು ನಿಮ್ಮಲ್ಲೂ ಇರಬಹುದು. ಈ ಸಲ ಅದನ್ನು ಮೇಜಿನ ಮೇಲೇ ಇಟ್ಟು ಓದೋಣ.

1947ರ ಜನವರಿಯಲ್ಲಿ ಬೆಲ್ಜಿಯಂನ ‘ಸ್ಪಿರು’ ವಾರಪತ್ರಿಕೆಯಲ್ಲಿ ‘ಬಕ್ ಡ್ಯಾನಿ’ ಎಂಬ ಪೈಲಟ್‌ನ ಸಾಹಸಕಥೆ ಶುರುವಾಯಿತು. ಚಿತ್ರ ಬರೆದವರು ವಿಕ್ಟರ್ ಯುಬಿನೋ. ಹೆಚ್ಚಿನ ಕಥೆಗಳು ಝಾನ್-ಮಿಷೆಲ್ ಶಾರ್ಲಿಯೆ ಅವರವು. ಇಬ್ಬರೂ ಸ್ವತಃ ವಿಮಾನ ಹಾರಿಸಲು ಕಲಿತರು. ಶಾರ್ಲಿಯೆ ಸ್ವಲ್ಪ ಕಾಲ ಸಬೇನಾ ವಿಮಾನ ಸಂಸ್ಥೆಯಲ್ಲಿ ಪೈಲಟ್ ಕೂಡ ಆಗಿದ್ದರು. ಅದೇ 1947ರ ಅಕ್ಟೋಬರ್ 14ರಂದು ಅಮೆರಿಕದ ಚಕ್ ಯೇಗರ್ ಶಬ್ದದ ವೇಗವನ್ನು ಮೀರಿ ಹಾರಿದರು.

1959ರಲ್ಲಿ ಫ್ರಾನ್ಸಿನ ‘ಪಿಲೋತ್’ ಪತ್ರಿಕೆಗೆ ಶಾರ್ಲಿಯೆ ‘ತಾಂಗಿ ಮತ್ತು ಲಾವೆರ್ದ್ಯೂರ್’ ಕಥೆ ಬರೆದರು. ಚಿತ್ರ ಆಸ್ಟೆರಿಕ್ಸ್ ಖ್ಯಾತಿಯ ಉದೆರ್ಜೊ ಅವರದು. ಈ ಗೆಳೆಯರು ಮುಂದೆ ಹಾರಿಸುವ ಮಿರಾಜ್ 3 ವಿಮಾನ ನಿಜವಾದದ್ದೇ. ಅದು 1958ರಲ್ಲಿ ಶಬ್ದದ ಎರಡು ಪಟ್ಟು ವೇಗ, ಅಂದರೆ ಮ್ಯಾಕ್ 2 ದಾಟಿತ್ತು.

ರೆಕ್ಕೆ, ಕಾಕ್‌ಪಿಟ್ ಎಲ್ಲ ಸರಿಯಾಗಿ ಬರೆಯಬಹುದು. ಆದ್ರೆ ಕಾಗದಕ್ಕೆ ಸದ್ದಿಲ್ಲವಲ್ಲ! ಅದಕ್ಕೇ ಚಿತ್ರಕಥೆಗಳಲ್ಲಿ ವಿಮಾನದ ಪಕ್ಕದಲ್ಲೇ ‘ವ್ರೂಂ’ ಅಂತ ದಪ್ಪ ಅಕ್ಷರದಲ್ಲಿ ಬರೀತಾರೆ. ಮ್ಯಾಕ್ 2ರಲ್ಲಿ ಹಾರುವ ವಿಮಾನಕ್ಕೆ ಇದು ಸರಿಯಾ? ಲೆಕ್ಕ ಹಾಕಿ ನೋಡಿ.

ನೆಲದ ಹತ್ತಿರ, 15 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 11 ಕಿಲೋಮೀಟರ್ ಎತ್ತರದಲ್ಲಿ ಗಾಳಿ ಸುಮಾರು ಮೈನಸ್ 56 ಡಿಗ್ರಿ. ತಣ್ಣನೆಯ ಗಾಳಿಯಲ್ಲಿ ಶಬ್ದ ನಿಧಾನ, ಅಲ್ಲಿ ಸುಮಾರು 295 ಮೀಟರ್. ಆದ್ದರಿಂದ ಅಲ್ಲಿ ಮ್ಯಾಕ್ 2 ಅಂದರೆ ಸೆಕೆಂಡಿಗೆ 590 ಮೀಟರ್. ವಿಮಾನ ತನ್ನ ಸದ್ದನ್ನೇ ಹಿಂದೆ ಹಾಕುತ್ತದೆ. ನೀರಲ್ಲಿ ದೋಣಿಯ ಹಿಂದೆ ಅಲೆ ಚಾಚಿಕೊಂಡ ಹಾಗೆ, ಶಬ್ದದ ಅಲೆಗಳು ಶಂಕುವಿನ ಆಕಾರದಲ್ಲಿ ಹಿಂದೆ ಚಾಚುತ್ತವೆ. ವಿಮಾನ ನಿಮ್ಮ ನೆತ್ತಿ ದಾಟಿ ಸುಮಾರು 30 ಸೆಕೆಂಡಿನ ನಂತರ ‘ಢಂ’ ಕೇಳಿಸುತ್ತದೆ. ಅಷ್ಟರಲ್ಲಿ ವಿಮಾನ ಎಲ್ಲಿ? 590 × 30 = 17,700 ಮೀಟರ್, ಹತ್ತಿರ ಹತ್ತಿರ 18 ಕಿಲೋಮೀಟರ್ ಮುಂದೆ! ಮಿಂಚು ಮೊದಲು, ಗುಡುಗು ಆಮೇಲೆ ಅಂತ ನಿಮಗೆ ಗೊತ್ತಲ್ವಾ? ಇಲ್ಲೂ ಕಣ್ಣಿಗೆ ಮೊದಲು, ಕಿವಿಗೆ ಆಮೇಲೆ.

ಈಗ ನಿಮ್ಮ ಕೆಲಸ. ನೋಟ್‌ಬುಕ್‌ನಲ್ಲಿ ನಾಲ್ಕು ಚೌಕ ಹಾಕಿ. ನೆಲದಲ್ಲಿ ಒಬ್ಬ ಹುಡುಗಿ, ಮೇಲೆ ಮ್ಯಾಕ್ 2ರ ವಿಮಾನ. ‘ಢಂ’ ಯಾವ ಚೌಕದಲ್ಲಿ ಬರಬೇಕು, ಆಗ ವಿಮಾನ ಕಾಣಿಸುತ್ತದೆಯೇ? ಬರೆದು, ಚಿತ್ರಕಥೆ ಓದಿದ್ದಕ್ಕೆ ಬೈದವರಿಗೇ ಮೊದಲು ತೋರಿಸಿ.