ಅಂಚೆಯವರ ಮುಷ್ಕರ

ದೂರದಲ್ಲಿರುವ ಮಗನ ಕ್ಷೇಮಸಮಾಚಾರ, ನೌಕರಿಯ ಆದೇಶ, ಮುದುಕರ ಮಾಸಾಶನ—ಇವೆಲ್ಲವನ್ನೂ ಹಳ್ಳಿಯ ಮನೆಬಾಗಿಲಿಗೆ ತಂದವನು ಅಂಚೆಯವನು. ಮಳೆಯಿರಲಿ, ಬಿಸಿಲಿರಲಿ, ಅವನ ಬರವು ತಪ್ಪದೆಂಬುದು ಜನರ ನಂಬಿಕೆ. ಇಂತಹವನು ಚೀಲವನ್ನು ಕೆಳಗಿಟ್ಟು ಮುಷ್ಕರ ಹೂಡುವುದೇಕೆ?

ಭಾರತದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಿವೆ. ಪ್ರತಿ ಹತ್ತರಲ್ಲಿ ಸುಮಾರು ಒಂಬತ್ತು ಹಳ್ಳಿಗಾಡಿನಲ್ಲಿವೆ. ಇವುಗಳಲ್ಲಿ ಬಹುಪಾಲು ಶಾಖಾ ಕಚೇರಿಗಳನ್ನು ನಡೆಸುವವರು ಇಲಾಖೆಯ ಖಾಯಂ ನೌಕರರಲ್ಲ. 'ಗ್ರಾಮೀಣ ಡಾಕ್ ಸೇವಕರು'. ಈ ವ್ಯವಸ್ಥೆಯ ಮೂಲ ಬ್ರಿಟಿಷರ ಆಳ್ವಿಕೆಯಲ್ಲಿದೆ. ಆಗ ಶಾಲೆಯ ಉಪಾಧ್ಯಾಯರು, ಅಂಗಡಿಕಾರರು ಮೊದಲಾದವರು ಅಂಚೆಯ ಕೆಲಸವನ್ನು ಉಪವೃತ್ತಿಯಾಗಿ ನೋಡಿಕೊಳ್ಳುತ್ತಿದ್ದರು. ಬೇರೆ ಜೀವನಾಧಾರವುಳ್ಳವನಿಗೆ ಅಲ್ಪ ಭತ್ಯೆ ಸಾಕೆಂಬುದು ಸರ್ಕಾರದ ಎಣಿಕೆಯಾಗಿತ್ತು.

ಕಾಲಕ್ರಮದಲ್ಲಿ ಕೆಲಸ ಬೆಳೆಯಿತು. ಎಣಿಕೆ ಮಾತ್ರ ಬದಲಾಗಲಿಲ್ಲ. ಪತ್ರ ಹಂಚುವುದರ ಜೊತೆಗೆ ಉಳಿತಾಯ ಖಾತೆ, ಜೀವವಿಮೆ, ಮಾಸಾಶನ ವಿತರಣೆಯ ಹೊಣೆಗಳೂ ಸೇರಿದವು. 2018ರವರೆಗೆ ಕಾಗದದ ಮೇಲೆ ದುಡಿಮೆ ಮೂರರಿಂದ ಐದು ಗಂಟೆಯಾಗಿತ್ತು. ಆದರೆ ಚೀಲ ಬರುವುದನ್ನು ಕಾಯುತ್ತ, ಊರೂರು ಅಲೆಯುತ್ತ ದಿನವೇ ಕಳೆಯುತ್ತದೆಂಬುದು ಸೇವಕರ ಅಳಲು. ಇವರದು ನಾಗರಿಕ ಹುದ್ದೆಯೆಂದು ಸರ್ವೋಚ್ಚ ನ್ಯಾಯಾಲಯವು 1977ರಲ್ಲಿ ತೀರ್ಪಿತ್ತಿತು. ಆದರೂ ಖಾಯಂ ನೌಕರರಿಗಿರುವ ಸಂಬಳವಾಗಲಿ, ಪಿಂಚಣಿಯಾಗಲಿ ಇವರಿಗೆ ದೊರೆಯಲಿಲ್ಲ.

2016ರಲ್ಲಿ ಏಳನೆಯ ವೇತನ ಆಯೋಗದ ಪ್ರಕಾರ ಖಾಯಂ ನೌಕರರ ಸಂಬಳ ಹೆಚ್ಚಿತು. ಆ ಆಯೋಗದ ವ್ಯಾಪ್ತಿಗೆ ಗ್ರಾಮೀಣ ಸೇವಕರು ಸೇರಿರಲಿಲ್ಲ. ಅವರಿಗಾಗಿ ನೇಮಿಸಿದ್ದ ಕಮಲೇಶ್ ಚಂದ್ರ ಸಮಿತಿಯು ಅದೇ ವರ್ಷದ ನವೆಂಬರಿನಲ್ಲಿ ವರದಿ ಒಪ್ಪಿಸಿತು. ಒಂದೂವರೆ ವರ್ಷ ಕಾದರೂ ಅದು ಜಾರಿಗೆ ಬರಲಿಲ್ಲ. ಕಡೆಗೆ 2018ರ ಮೇ 22ರಂದು ದೇಶದಾದ್ಯಂತ ಮುಷ್ಕರ ಆರಂಭವಾಯಿತು. ಕರ್ನಾಟಕದ ಹಳ್ಳಿಗಳಲ್ಲಿಯೂ ಶಾಖಾ ಕಚೇರಿಗಳ ಬಾಗಿಲು ಮುಚ್ಚಿದವು.

ಇಲ್ಲಿಯೇ ಮುಷ್ಕರದ ಕಷ್ಟವಡಗಿದೆ. ಅಂಚೆ ನಿಂತಾಗ ಮೊದಲು ನೋಯುವವರು ಅಧಿಕಾರಿಗಳಲ್ಲ. ಮಾಸಾಶನಕ್ಕಾಗಿ ಕಾದು ಕುಳಿತ ಬಡವರು. ಅವರು ಸೇವಕನ ನೆರೆಹೊರೆಯವರೇ. ಅವನಿಗೂ ದುಡಿಯದ ದಿನದ ಭತ್ಯೆ ಕೈಬಿಡುವ ಭಯ ಉಂಟು. ಆದುದರಿಂದ ಮನವಿ, ಮಾತುಕತೆಗಳು ಫಲಿಸದಿದ್ದಾಗ ಮಾತ್ರ ದುಡಿಯುವವರು ಈ ಕಡೆಯ ಅಸ್ತ್ರವನ್ನು ಹಿಡಿಯುತ್ತಾರೆ.

ಜೂನ್ 6ರಂದು ಕೇಂದ್ರ ಸಚಿವ ಸಂಪುಟವು ಹೊಸ ಭತ್ಯೆಗೆ ಒಪ್ಪಿಗೆಯಿತ್ತಿತು. ಶಾಖಾ ಅಂಚೆಪಾಲಕರಿಗೆ ನಾಲ್ಕು ಗಂಟೆಯ ಕೆಲಸಕ್ಕೆ ತಿಂಗಳಿಗೆ ಕನಿಷ್ಠ 12,000 ರೂಪಾಯಿ, ಐದು ಗಂಟೆಗೆ 14,500 ರೂಪಾಯಿ ಗೊತ್ತಾಯಿತು; ಉಳಿದ ಸೇವಕರಿಗೆ ಕ್ರಮವಾಗಿ 10,000 ಮತ್ತು 12,000 ರೂಪಾಯಿ. ಖಾಯಂ ನೌಕರರ ಸ್ಥಾನಮಾನ ಮಾತ್ರ ಆಗಲೂ ಸಿಗಲಿಲ್ಲ.

ಒಬ್ಬನ ಕೆಲಸದ ಬೆಲೆ ಅದು ನಿಂತ ದಿನ ಎಲ್ಲರಿಗೂ ತಿಳಿಯುತ್ತದೆ. ನಡೆಯುತ್ತಿರುವಾಗಲೇ ಅದನ್ನು ಅರಿತು, ನ್ಯಾಯವಾದುದನ್ನು ಸಕಾಲದಲ್ಲಿ ಸಲ್ಲಿಸುವ ಸಮಾಜದಲ್ಲಿ ಮುಷ್ಕರಕ್ಕೆ ಕಾರಣಗಳು ಕಡಿಮೆಯಾಗುತ್ತವೆ.